‘ಠಕ್ಕ’ ಎಂಬ ಪದದ ಪೂರ್ವವೃತ್ತಾಂತ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಉದ್ಯೋಗನಿಮಿತ್ತವಾಗಿ ನೆಲೆಸಿರುವ ಕನ್ನಡಿಗರಾದ ನಮಗೆ ಒಂದೇ ಪದವನ್ನು ಹಲವು ಭಾಷೆಗಳಲ್ಲಿ ಕೇಳುವ ಪ್ರಸಂಗವು ನಿತ್ಯವೂ ಒದಗುತ್ತದೆ. ಕನ್ನಡದ ‘ಠಕ್ಕ’, ಮರಾಠಿಯ ‘ಠಕ’, ಹಿಂದಿಯ ‘ಠಗ’ ಈ ಮೂರೂ ವಂಚಕನನ್ನು ಸೂಚಿಸುತ್ತವೆ. ಆದರೆ ಇದೇ ಕುಲಕ್ಕೆ ಸೇರಿದ ಆಂಗ್ಲ ಭಾಷೆಯ ‘ಥಗ್’ ಎಂಬ ಪದವು ಹೊಡೆದು ಬಡಿದು ದೋಚುವ ಗೂಂಡಾನಿಗೆ ಸಲ್ಲುತ್ತದೆ. ಈ ಅರ್ಥಭೇದವು ಹೇಗೆ ಉಂಟಾಯಿತೆಂಬುದು ವಿಚಾರಾರ್ಹವಾಗಿದೆ.

ಇವೆಲ್ಲಕ್ಕೂ ಮೂಲವು ಸಂಸ್ಕೃತದ ‘ಸ್ಥಗ್’ ಧಾತು. ಮುಚ್ಚು, ಮರೆಮಾಡು ಎಂಬುದೇ ಅದರ ಅರ್ಥ. ತನ್ನ ಉದ್ದೇಶವನ್ನು ಮರೆಮಾಡುವವನೇ ಠಕ್ಕ. ನಮ್ಮ ಮಕ್ಕಳ ಕಥೆಗಳಲ್ಲಿ ಬರುವ ಠಕ್ಕ ನರಿಯು ಯಾರನ್ನೂ ಹೊಡೆಯುವುದಿಲ್ಲ. ಸವಿಮಾತಿನಿಂದಲೇ ಕಾರ್ಯ ಸಾಧಿಸುತ್ತದೆ.

ದಾರಿಹೋಕರೊಡನೆ ಸ್ನೇಹ ಬೆಳೆಸಿ, ಜೊತೆಯಲ್ಲಿಯೇ ಪಯಣಿಸಿ, ನಿರ್ಜನ ಸ್ಥಳದಲ್ಲಿ ಕೊರಳಿಗೆ ಉರುಲು ಬಿಗಿದು ಕೊಲ್ಲುತ್ತಿದ್ದವರಿಗೆ ಉತ್ತರ ಹಿಂದೂಸ್ಥಾನದಲ್ಲಿ ಈ ಹೆಸರೇ ರೂಢಿಯಾಯಿತು. ನಮ್ಮ ನಾಡಿಗೂ ಅಂಥವರು ಅಪರಿಚಿತರಾಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಬೆಂಗಳೂರಿನ ಪರಿಸರದಲ್ಲಿ ಸುಮಾರು ನೂರು ಮಂದಿ ಸೆರೆಸಿಕ್ಕಿದರು. ದಕ್ಷಿಣದಲ್ಲಿ ಅವರನ್ನು ‘ಫಾಸಿಗಾರ’ರೆಂದು ಕರೆಯುತ್ತಿದ್ದರು. ಕನ್ನಡದಲ್ಲಿ ಅವರಿಗೆ ‘ತಂತಿ ಕಳ್ಳರು’ ಎಂಬ ಹೆಸರಿತ್ತೆಂದು ಮದರಾಸಿನ ವೈದ್ಯ ರಿಚರ್ಡ್ ಶೆರ್ವುಡ್ 1816ರಲ್ಲಿ ಬರೆದನು. ಮುಂದೆ ಸುರಪುರದ ಆಡಳಿತ ನಡೆಸಿದ ಮೆಡೋಸ್ ಟೇಲರನು 1839ರಲ್ಲಿ ಪ್ರಕಟಿಸಿದ ಕಾದಂಬರಿಯು ‘ಥಗ್’ ಪದವನ್ನು ಆಂಗ್ಲರ ಮನೆಮನೆಗೆ ಮುಟ್ಟಿಸಿತು. ಕಾಲಕ್ರಮದಲ್ಲಿ ಅಲ್ಲಿ ವಂಚನೆಯ ಅರ್ಥವು ಅಳಿದು ಹಿಂಸೆಯ ಅರ್ಥವೊಂದೇ ಉಳಿಯಿತು.

ಇಷ್ಟೇ ಆಗಿದ್ದರೆ ಇದು ಕೇವಲ ನಿಘಂಟಿನ ವಿಷಯವಾಗುತ್ತಿತ್ತು. ಆದರೆ 1836ರ ಕಾಯದೆಯು ಇಂತಹ ಕೊಲೆ ಮಾಡಿದವನನ್ನಷ್ಟೇ ಅಲ್ಲ, ಥಗ್ಗರ ತಂಡಕ್ಕೆ ಎಂದಾದರೂ ಸೇರಿದ್ದನೆಂದು ಸಾಬೀತಾದವನನ್ನೂ ಆಜೀವ ಕಠಿಣ ಸೆರೆವಾಸಕ್ಕೆ ಗುರಿಪಡಿಸಿತು. ಅದೇ ಜಾಡಿನಲ್ಲಿ ಸಾಗಿದ 1871ರ ಕಾಯದೆಯು ಇಡೀ ಬುಡಕಟ್ಟುಗಳನ್ನೇ ಅಪರಾಧಿಗಳೆಂದು ಸಾರಿತು. ಅಲ್ಲಿ ಹುಟ್ಟಿದ ಹಸುಳೆಗೂ ಆ ಕಳಂಕವು ತಪ್ಪಲಿಲ್ಲ. ಸ್ವತಂತ್ರ ಭಾರತವು 1952ರಲ್ಲಿ ಆ ವ್ಯವಸ್ಥೆಯನ್ನು ರದ್ದುಗೊಳಿಸಿತು. ಕಾಯದೆ ಹೋದರೂ ಆ ಜನರ ಮೇಲಿನ ಸಂಶಯವು ಇಂದಿಗೂ ಪೂರ್ಣವಾಗಿ ಅಳಿದಿಲ್ಲ.

ಪರಸ್ಥಳದಲ್ಲಿ ಅನ್ನ ಸಂಪಾದಿಸುವ ನಾವು ಇದನ್ನು ಚೆನ್ನಾಗಿ ಮನಗಾಣಬೇಕು. ಒಬ್ಬನ ಅಪರಾಧಕ್ಕಾಗಿ ಅವನ ಊರಿನವರನ್ನೆಲ್ಲ, ಭಾಷೆಯವರನ್ನೆಲ್ಲ ಗೂಂಡಾಗಳೆಂದು ಜರೆಯುವ ಮಾತು ಹೋಟೆಲಿನ ಮೇಜಿನ ಬಳಿಯಲ್ಲಿಯೂ ಲೋಕಲ್ ಗಾಡಿಯಲ್ಲಿಯೂ ಕಿವಿಗೆ ಬೀಳುತ್ತದೆ. ನಮ್ಮನ್ನು ಕುರಿತು ಅಂಥ ಮಾತು ಬಂದಾಗ ನಮಗೆ ನೋವಾಗುವಂತೆಯೇ ಅನ್ಯರಿಗೂ ಆಗುತ್ತದೆ. ಹಾಗೆಯೇ, ಸ್ವಭಾಷೆಯಲ್ಲಿ ಸವಿನುಡಿದು ಕೊಠಡಿಗೆಂದೋ ಕೆಲಸಕ್ಕೆಂದೋ ಮುಂಗಡ ಕೇಳುವವನು ನಮ್ಮವನೇ ಆದರೂ ರಸೀದಿ ಪಡೆಯದೆ ಹಣ ಕೊಡಲಾಗದು. ಠಕ್ಕನೆಂಬ ಹೆಸರು ಅವನ ಕೃತ್ಯಕ್ಕೆ ಸಲ್ಲತಕ್ಕುದೇ ಹೊರತು ಅವನ ಜನ್ಮಕ್ಕಲ್ಲ.