ಐ.ಸಿ.ಎಸ್. ಅರ್ಜಿಯೊಡನೆ ಬೇಕಾಗಿದ್ದ ಕಾಗದಗಳು

ಇಂಡಿಯನ್ ಸಿವಿಲ್ ಸರ್ವಿಸಿನ ಹೆಸರೆತ್ತಿದೊಡನೆ ನಮ್ಮ ಹಿರಿಯರ ಕಣ್ಣೆದುರು ನಿಲ್ಲುತ್ತಿದ್ದುದು ಕಲೆಕ್ಟರನ ಬಂಗಲೆ, ಅವನ ಕುದುರೆ, ಜಮಾಬಂದಿಯ ಕಾಲಕ್ಕೆ ಊರಾಚೆ ಬೀಳುತ್ತಿದ್ದ ಡೇರೆ. ಅವುಗಳ ಹಿಂದೆ, ಲಂಡನ್ನಿನ ಯಾವುದೋ ಭವನದಲ್ಲಿ ಜರುಗುತ್ತಿದ್ದ, ಮಹಾಮೇಧಾವಿಗಳಿಗೂ ದುಸ್ತರವೆಂದು ಖ್ಯಾತಿವೆತ್ತ ಒಂದು ಪರೀಕ್ಷೆ. ಆ ಪರೀಕ್ಷೆಯ ಕಾಠಿಣ್ಯವನ್ನು ಕುರಿತು ನಮ್ಮಲ್ಲಿ ಪ್ರಚಲಿತವಾಗಿರುವ ಕಥೆಗಳಿಗೆ ಲೆಕ್ಕವಿಲ್ಲ. ಆದರೆ ಪ್ರಶ್ನಪತ್ರಿಕೆಯು ಅಭ್ಯರ್ಥಿಯ ಕೈಸೇರುವುದಕ್ಕೆ ಬಹು ಮುಂಚೆ, ಅರ್ಜಿಯೊಡನೆ ಆತನು ಒಪ್ಪಿಸಬೇಕಾಗಿದ್ದ ನಾಲ್ಕಾರು ಕಾಗದಗಳಿದ್ದುವು. ನೋಡಲು ನಿರುಪದ್ರವಿಗಳಾಗಿ, ಕಚೇರಿಯ ಶಿಸ್ತಿಗೆ ಸಂಬಂಧಿಸಿದ ಸಾಮಾನ್ಯ ವಿಧಿಗಳೆಂಬಂತೆ ತೋರುತ್ತಿದ್ದ ಆ ಕಾಗದಗಳು ತಡೆದಷ್ಟು ಭಾರತೀಯರನ್ನು ಗ್ರೀಕ್ ವ್ಯಾಕರಣವಾಗಲಿ ಗಣಿತವಾಗಲಿ ತಡೆಯಲಿಲ್ಲವೆಂಬುದು ನನ್ನ ಅಭಿಮತ.

ಮೊದಲಿಗೆ ಪರೀಕ್ಷೆಯೆಂಬುದೇ ಇರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ತಮ್ಮ ಮಕ್ಕಳನ್ನೋ, ಸೋದರಳಿಯಂದಿರನ್ನೋ, ಸ್ನೇಹಿತರ ಮಕ್ಕಳನ್ನೋ ನಾಮಕರಣ ಮಾಡುವುದು, ಆ ಹುಡುಗರು 1806ರಲ್ಲಿ ಸ್ಥಾಪಿತವಾದ ಹೇಲಿಬರಿಯ ಕಾಲೇಜಿನಲ್ಲಿ ಎರಡು ವರ್ಷ ಕಳೆದು ಹಡಗನ್ನೇರುವುದು, ಇದೇ ಸಂಪ್ರದಾಯವಾಗಿತ್ತು. 1853ರ ಚಾರ್ಟರ್ ಶಾಸನವು ನಿರ್ದೇಶಕರ ಕೈಯಿಂದ ಈ ಅಧಿಕಾರವನ್ನು ಕಿತ್ತುಕೊಂಡಿತು. ಮರುವರ್ಷ ಮೆಕಾಲೆಯ ಅಧ್ಯಕ್ಷತೆಯಲ್ಲಿ ಕುಳಿತ ಸಮಿತಿಯು ಸ್ಪರ್ಧಾಪರೀಕ್ಷೆಯ ರೂಪರೇಖೆಯನ್ನು ಹಾಕಿಕೊಟ್ಟಿತು. 1855ರಲ್ಲಿ ಲಂಡನ್ನಿನಲ್ಲಿ ಮೊದಲ ಪರೀಕ್ಷೆ ನಡೆಯಿತು. ವಂಶದ ಬದಲು ವಿದ್ಯೆಯನ್ನು ಪ್ರಮಾಣವಾಗಿ ಸ್ವೀಕರಿಸಿದ ಈ ಸುಧಾರಣೆಯು ಆ ಕಾಲದ ಇಂಗ್ಲೆಂಡಿಗೇ ಹೊಸದಾಗಿತ್ತೆಂಬುದನ್ನು ಒಪ್ಪಲೇಬೇಕು.

ಅರ್ಜಿದಾರನು ಸಾಬೀತುಪಡಿಸಬೇಕಾಗಿದ್ದ ಸಂಗತಿಗಳು ಇವು: ತಾನು ಹುಟ್ಟಿನಿಂದ ಬ್ರಿಟಿಷ್ ಸಿಂಹಾಸನದ ಪ್ರಜೆ; ತನ್ನ ವಯಸ್ಸು ಇಂತಿಷ್ಟಕ್ಕೆ ಮೇಲ್ಪಟ್ಟು ಇಂತಿಷ್ಟಕ್ಕೆ ಒಳಪಟ್ಟಿದೆ; ಸೇವೆಗೆ ಅಡ್ಡಿಯಾಗುವ ರೋಗವಾಗಲಿ ಅಂಗವೈಕಲ್ಯವಾಗಲಿ ತನಗಿಲ್ಲ; ತನ್ನ ನಡತೆ ನಿಷ್ಕಳಂಕವಾದುದು. ಇವುಗಳ ಜೊತೆಗೆ, ನಿಗದಿಯಾದ ವಿಷಯಗಳಲ್ಲಿ ಯಾವಯಾವುದರಲ್ಲಿ ತನ್ನನ್ನು ಪರೀಕ್ಷಿಸಬೇಕೆಂಬ ಪಟ್ಟಿಯನ್ನೂ ಆತನೇ ಬರೆದು ಕಳುಹಬೇಕಾಗಿತ್ತು. ಪದವೀಧರನಾಗಿರಲೇಬೇಕೆಂಬ ನಿರ್ಬಂಧವಿರಲಿಲ್ಲವೆಂಬುದು ಇಂದಿನವರಿಗೆ ವಿಚಿತ್ರವಾಗಿ ತೋರಬಹುದು. ವಿಷಯಗಳ ಆಯ್ಕೆಯೂ ಅಭ್ಯರ್ಥಿಯ ಇಚ್ಛೆಗೆ ಬಿಟ್ಟದ್ದು. ಆದರೆ ಆ ಇಚ್ಛೆಗೆ ಬೆಲೆಕಟ್ಟಿದ ರೀತಿಯನ್ನು ಗಮನಿಸಿ. ಒಟ್ಟು 6875 ಅಂಕಗಳ ಪೈಕಿ ಇಂಗ್ಲಿಷ್ ಭಾಷೆ, ಸಾಹಿತ್ಯ ಮತ್ತು ಇತಿಹಾಸಗಳಿಗೆ 1500, ಗ್ರೀಕಿಗೆ 750, ಲ್ಯಾಟಿನ್ನಿಗೆ 750, ಗಣಿತಕ್ಕೆ 1000. ಸಂಸ್ಕೃತಕ್ಕೆ 375, ಅರಬ್ಬಿಗೆ 375. ಇಟಲಿಯ ಭಾಷೆಗೂ ಸಂಸ್ಕೃತಕ್ಕೂ ಒಂದೇ ತೂಕ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ತರುಣನು ಹೇಗೂ ಓದಿರುತ್ತಿದ್ದ ವಿದ್ಯೆಗಳೇ ಅಲ್ಲಿ ಹೆಚ್ಚು ಫಲ ಕೊಡುವಂತಿದ್ದುವು. ತಾನು ಆಳಬೇಕಾದ ದೇಶದ ವಿಚಾರವನ್ನು ಆತನು ತೇರ್ಗಡೆಯಾದ ಮೇಲೆ ಕಲಿತರೆ ಸಾಕೆಂಬುದೇ ಸಮಿತಿಯ ಉದ್ದೇಶವಾಗಿತ್ತು.

ಭಾರತೀಯನಿಗೆ ಈ ನಿಯಮಗಳಾವುವೂ ಬಾಗಿಲು ಮುಚ್ಚಿರಲಿಲ್ಲ. ಆತನೂ ಅರ್ಜಿ ಹಾಕಬಹುದಾಗಿತ್ತು. ಕಲ್ಕತ್ತೆಯಲ್ಲೋ ಮದರಾಸಿನಲ್ಲೋ ಅಲ್ಲ, ಲಂಡನ್ನಿನಲ್ಲಿ. ಹಡಗಿನ ಖರ್ಚು, ಪರದೇಶದಲ್ಲಿ ವರ್ಷಗಟ್ಟಲೆ ವಾಸದ ಖರ್ಚು, ಸಮುದ್ರಯಾನ ಮಾಡಿದವನನ್ನು ಜಾತಿಯಿಂದ ಹೊರಗಿಡುವ ಬಂಧುಬಾಂಧವರ ಕೋಪ, ಇವುಗಳನ್ನೆಲ್ಲ ದಾಟಿ, ತನ್ನದಲ್ಲದ ಭಾಷೆಯಲ್ಲಿ ಆ ಭಾಷೆಯ ಮಕ್ಕಳೊಡನೆಯೇ ಸ್ಪರ್ಧಿಸಿ ಗೆಲ್ಲಬೇಕಾಗಿತ್ತು. 1863ರಲ್ಲಿ ಹಾಗೆ ಗೆದ್ದ ಮೊದಲಿಗರು ಸತ್ಯೇಂದ್ರನಾಥ ಠಾಕೂರರು. ಮುಂಬಯಿ ಪ್ರಾಂತಕ್ಕೆ ನಿಯುಕ್ತರಾದ ಅವರು ಮುಂದೆ ನಮ್ಮ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತರುಣ ರವೀಂದ್ರನಾಥರು ಅಣ್ಣನ ಮನೆಗೆ ಬಂದು ಆ ಕಡಲ ತೀರದಲ್ಲಿ ಕೆಲಕಾಲ ತಂಗಿದ್ದುದು, ಅಲ್ಲಿ ಒಂದು ನಾಟಕವನ್ನು ಬರೆದುದು ಕನ್ನಡ ವಾಚಕರಿಗೆ ತಿಳಿದ ಸಂಗತಿಯೇ.

ವಯಸ್ಸಿನ ಪ್ರಮಾಣಪತ್ರವು ಎಂತಹ ಅಸ್ತ್ರವಾಗಬಲ್ಲದೆಂಬುದು ಪ್ರಕಟವಾದದ್ದು 1869ರಲ್ಲಿ. ಹಿಂದಿನ ವರ್ಷದ ಮಾರ್ಚಿಯಲ್ಲಿ ಸುರೇಂದ್ರನಾಥ ಬ್ಯಾನರ್ಜಿ, ರಮೇಶಚಂದ್ರ ದತ್ತ, ಬಿಹಾರಿಲಾಲ ಗುಪ್ತ ಎಂಬ ಮೂವರು ಬಂಗಾಳಿ ತರುಣರು ಒಟ್ಟಿಗೆ ಹಡಗು ಹತ್ತಿದ್ದರು, ಮೂವರೂ ತೇರ್ಗಡೆಯಾದರು, ದತ್ತರಿಗಂತೂ ಮೂರನೆಯ ಸ್ಥಾನವೇ ದೊರೆಯಿತು. ಮುಂಬಯಿಯ ಕಡೆಯಿಂದ ಹೋಗಿದ್ದ ಶ್ರೀಪಾದ ಬಾಬಾಜಿ ಠಾಕೂರರೂ ಅದೇ ಪಟ್ಟಿಯಲ್ಲಿದ್ದರು. ಒಂದೇ ವರ್ಷದಲ್ಲಿ ನಾಲ್ವರು ಭಾರತೀಯರು! ಅಷ್ಟರಲ್ಲಿ ಪರೀಕ್ಷೆಯನ್ನು ನಡೆಸುತ್ತಿದ್ದ ಸಿವಿಲ್ ಸರ್ವಿಸ್ ಕಮಿಷನರುಗಳಿಗೆ ಒಂದು ಸಂದೇಹ ಹುಟ್ಟಿತು. ಆಗಿನ ವಯೋಮಿತಿ 17ರಿಂದ 21. ಸುರೇಂದ್ರನಾಥರು ಅರ್ಜಿಯಲ್ಲಿ ಒಪ್ಪಿಸಿದ ಜನ್ಮದಿನಾಂಕ 1848ರ ನವೆಂಬರಿನದು. ಆದರೆ 1863ರ ಕೊನೆಯಲ್ಲಿ ಕಲ್ಕತ್ತೆಯ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕುಳಿತಾಗ ತಮ್ಮ ವಯಸ್ಸು ಹದಿನಾರೆಂದು ಅವರು ಬರೆಯಿಸಿದ್ದರು. ಹದಿನಾರೆಂಬುದು ನಿಜವಾದರೆ 1869ರಲ್ಲಿ ಅವರಿಗೆ ಇಪ್ಪತ್ತೊಂದು ಮೀರಿರಬೇಕು. ಸುರೇಂದ್ರನಾಥರ ಹೆಸರೂ ಶ್ರೀಪಾದ ಬಾಬಾಜಿಯವರ ಹೆಸರೂ ಪಟ್ಟಿಯಿಂದ ತೆಗೆದುಹಾಕಲ್ಪಟ್ಟುವು.

ಈ ಗೊಂದಲದ ಮೂಲವು ನಮ್ಮ ಯಾವ ಮನೆಯ ಅಜ್ಜಿಗಾದರೂ ಅರ್ಥವಾಗುವಂತಹುದು. ಹುಡುಗನಿಗೆ ವಯಸ್ಸೆಷ್ಟೆಂದು ಕೇಳಿದರೆ ಅವಳು ತುಂಬಿದ ವರ್ಷಗಳನ್ನು ಹೇಳುವುದಿಲ್ಲ, ನಡೆಯುತ್ತಿರುವ ವರ್ಷವನ್ನು ಹೇಳುತ್ತಾಳೆ. ಹದಿನೈದು ತುಂಬಿದೊಡನೆ ಹುಡುಗನಿಗೆ ಹದಿನಾರು. ಇಂಗ್ಲಿಷಿನವನಾದರೋ ಹದಿನಾರು ಪೂರ್ಣವಾಗುವ ತನಕ ಹದಿನೈದೇ ಎನ್ನುತ್ತಾನೆ. ಗ್ರಾಮದ ಚರ್ಚಿನಲ್ಲಿ ದೀಕ್ಷಾಸ್ನಾನದ ದಿನವೇ ಶಿಶುವಿನ ಹೆಸರು ದಾಖಲೆಯಾಗುತ್ತಿದ್ದ ದೇಶದಲ್ಲಿ ರಚಿತವಾದ ನಿಯಮಕ್ಕೆ, ಜಾತಕವೊಂದನ್ನುಳಿದು ಬೇರೆ ಜನ್ಮಪತ್ರವನ್ನೇ ಕಾಣದ ದೇಶದ ಹುಡುಗನು ಉತ್ತರ ಹೇಳಬೇಕಾಗಿ ಬಂದಿತು. ಸುರೇಂದ್ರನಾಥರು ಸುಮ್ಮನಾಗದೆ ಲಂಡನ್ನಿನ ಕ್ವೀನ್ಸ್ ಬೆಂಚ್ ನ್ಯಾಯಾಲಯದ ಮೊರೆಹೊಕ್ಕರು. ನ್ಯಾಯಾಲಯದ ಒಲವು ಯಾವ ಕಡೆಗಿದೆಯೆಂಬುದು ಸ್ಪಷ್ಟವಾಗುತ್ತಲೇ ಕಮಿಷನರುಗಳು ಹಿಂದೆಗೆದು ಇಬ್ಬರನ್ನೂ ಪುನಃ ಸೇರಿಸಿಕೊಂಡರು. ಕೆಲವೇ ವರ್ಷಗಳಲ್ಲಿ, 1874ರಲ್ಲಿ, ಸಿಲ್ಹೆಟ್ಟಿನ ಒಂದು ಕಡತದಲ್ಲಿ ಆದ ಲೋಪಕ್ಕಾಗಿ ಸುರೇಂದ್ರನಾಥರನ್ನು ಸೇವೆಯಿಂದಲೇ ವಜಾಮಾಡಲಾಯಿತು. ಸರ್ಕಾರವು ಒಬ್ಬ ಅಸಿಸ್ಟೆಂಟ್ ಮ್ಯಾಜಿಸ್ಟ್ರೇಟನನ್ನು ಕಳೆದುಕೊಂಡು ದೇಶಕ್ಕೆ ಒಬ್ಬ ಮಹಾವಾಗ್ಮಿಯನ್ನು ದಾನಮಾಡಿತೆನ್ನಬೇಕು.

ಇನ್ನು ವಯೋಮಿತಿಯ ಚರಿತ್ರೆ. 1855ರಲ್ಲಿ 18ರಿಂದ 23 ಇದ್ದುದು, 1860ರ ಹೊತ್ತಿಗೆ ಮೇಲಿನ ಮಿತಿ 22ಕ್ಕಿಳಿದು, 1866ರಲ್ಲಿ 21ಕ್ಕಿಳಿದು, 1878ರಿಂದ 19ಕ್ಕೆ ಬಂದು ನಿಂತಿತು. ಸಾಲಿಸ್‌ಬರಿ ಪ್ರಭುಗಳು ಭಾರತ ಮಂತ್ರಿಯಾಗಿದ್ದಾಗ ಆದ ಈ ಕೊನೆಯ ನಿರ್ಧಾರಕ್ಕೆ, ಚಿಕ್ಕ ವಯಸ್ಸಿನಲ್ಲಿಯೇ ಆರಿಸಿ ವಿಶ್ವವಿದ್ಯಾಲಯದಲ್ಲಿಟ್ಟು ತಿದ್ದಬಹುದೆಂಬ ಶೈಕ್ಷಣಿಕ ಕಾರಣವನ್ನು ಕೊಡಲಾಯಿತು. ಇಂಗ್ಲೆಂಡಿನ ಹುಡುಗನಿಗೆ ಅದು ಅಷ್ಟೇನೂ ಬಾಧಕವಲ್ಲ. ಆದರೆ ಹತ್ತೊಂಬತ್ತು ತುಂಬುವುದರೊಳಗೆ ಪರೀಕ್ಷೆಗೆ ಕುಳ್ಳಿರಬೇಕಾದ ಭಾರತದ ಹುಡುಗನನ್ನು ಹದಿನೈದು ಹದಿನಾರರಲ್ಲಿಯೇ ತಂದೆತಾಯಿಗಳು ಹಡಗು ಹತ್ತಿಸಬೇಕಾಗಿತ್ತು; ಹಾಗೆ ಹತ್ತಿಸಬಲ್ಲ ಮನೆಗಳು ಎಷ್ಟಿದ್ದುವು? ಯಾವ ಭಾರತೀಯನ ಹೆಸರನ್ನೂ ಹೇಳದೆ, ಜಾತಿವರ್ಣಗಳ ಪ್ರಸ್ತಾಪವನ್ನೇ ಮಾಡದೆ, ಎರಡು ಅಂಕಿಗಳನ್ನು ಬದಲಿಸಿದ ಮಾತ್ರಕ್ಕೆ 1858ರ ರಾಣಿಯ ಘೋಷಣೆಯಲ್ಲಿದ್ದ ಸಮಾನಾವಕಾಶದ ವಾಗ್ದಾನವು ನಿರರ್ಥಕವಾಯಿತು. ಇದು ನನ್ನ ಕಟುಮಾತಲ್ಲ. ವೈಸರಾಯಿ ಲಿಟ್ಟನ್ನರೇ 1878ರ ಒಂದು ರಹಸ್ಯ ಪತ್ರದಲ್ಲಿ, ಭಾರತೀಯರನ್ನು ನೇರವಾಗಿ ನಿಷೇಧಿಸುವುದು ಅಥವಾ ವಂಚಿಸುವುದು ಎಂಬೆರಡು ಮಾರ್ಗಗಳಿದ್ದು ಸರ್ಕಾರವು ಹೆಚ್ಚು ವಕ್ರವಾದುದನ್ನೇ ಹಿಡಿಯಿತೆಂದೂ, ವಯೋಮಿತಿಯ ಇಳಿಕೆಯು ಎಲ್ಲರಿಗೂ ಕಾಣುವಂತಹ ಕುಯುಕ್ತಿಯೆಂದೂ ಒಪ್ಪಿಕೊಂಡಿದ್ದರು. ಈ ಒಂದು ನಿಯಮದ ವಿರುದ್ಧವೇ ಸುರೇಂದ್ರನಾಥರು ಉತ್ತರ ಭಾರತದಿಂದ ಮದರಾಸಿನವರೆಗೆ ಸಂಚರಿಸಿ ಸಭೆಗಳನ್ನು ಕೂಡಿಸಿದರು. ಒಂದು ಅರ್ಜಿಯ ಷರತ್ತು ಇಡೀ ದೇಶದ ವಿದ್ಯಾವಂತರನ್ನು ಒಂದು ಮಾತಿಗೆ ತಂದ ಅಪೂರ್ವ ಸಂದರ್ಭವದು. ಸಿವಿಲ್ ಸರ್ವಿಸಿನ ನೇಮಕಗಳನ್ನು ವಿಚಾರಿಸಿದ ಐಚಿಸನ್ ಆಯೋಗದ ವರದಿಯಾದ ಮೇಲೆ, 1892ರಲ್ಲಿ, ಮೇಲಿನ ಮಿತಿಯನ್ನು 23ಕ್ಕೆ ಏರಿಸಲಾಯಿತು.

ನಡುವೆ, 1879ರಲ್ಲಿ, ಒಳ್ಳೆಯ ಮನೆತನದ ತರುಣರನ್ನು ಪರೀಕ್ಷೆಯಿಲ್ಲದೆಯೇ ನಾಮಕರಣ ಮಾಡುವ ಸ್ಟ್ಯಾಚುಟರಿ ಸಿವಿಲ್ ಸರ್ವಿಸ್ ಎಂಬುದೊಂದನ್ನು ಲಿಟ್ಟನ್ನರು ಹುಟ್ಟುಹಾಕಿದರು. ಅದನ್ನು ಯಾರೂ ಮೆಚ್ಚಲಿಲ್ಲ. ಹೆಚ್ಚು ಕಾಲ ಬಾಳಲೂ ಇಲ್ಲ.

ಸ್ಪರ್ಧೆಯಲ್ಲಿ ಗೆದ್ದವನಿಗೂ ನೇಮಕವು ಕೂಡಲೇ ಸಿದ್ಧಿಸುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿಯೇ ಒಂದೆರಡು ವರ್ಷಗಳ ಉಮೇದುವಾರಿ, ಭಾರತದ ಕಾನೂನು, ಸೇರಬೇಕಾದ ಪ್ರಾಂತದ ಭಾಷೆ, ಇವುಗಳಲ್ಲಿ ಅಂತಿಮ ಪರೀಕ್ಷೆ, ವೈದ್ಯರ ತಪಾಸಣೆ. ಈ ಭಾಷಾಭ್ಯಾಸವನ್ನು ಬಹುಮಂದಿ ಹೊರೆಯೆಂದೇ ಬಗೆದರು. ಕೆಲವರಿಗೆ ದೇಶಭಾಷೆಗಳಲ್ಲಿ ನಿಜವಾಗಿಯೇ ಪ್ರೀತಿ ಹತ್ತಿತು. 1867ರಲ್ಲಿ ಮುಂಬಯಿಗೆ ಬಂದಿಳಿದ ಜಾನ್ ಫ್ಲೀಟ್ ಎಂಬ ಸಿವಿಲಿಯನ್ನನು ನಮ್ಮ ಶಾಸನಗಳನ್ನು ಓದಿ, ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬರೆದು, ಲಾವಣಿಗಳನ್ನೂ ಸಂಗ್ರಹಿಸಿದನು. ಇವೆಲ್ಲದರ ಜೊತೆಗೆ ಕುದುರೆ ಸವಾರಿಯ ಪರೀಕ್ಷೆಯೊಂದಿತ್ತು. ಅದನ್ನು ಹಾಸ್ಯಾಸ್ಪದವೆನ್ನಲಾಗದು, ರಸ್ತೆಗಳಿಲ್ಲದ ತಾಲ್ಲೂಕುಗಳಲ್ಲಿ ತಿಂಗಳುಗಟ್ಟಲೆ ಸರ್ಕೀಟು ಮಾಡಬೇಕಾದ ಅಧಿಕಾರಿಗೆ ಕುದುರೆಯೇ ಕಾಲು. ಅರವಿಂದ ಘೋಷರು 1890ರಲ್ಲಿ ಹನ್ನೊಂದನೆಯವರಾಗಿ ಆರಿಸಿಬಂದು, ಉಳಿದೆಲ್ಲ ಪರೀಕ್ಷೆಗಳನ್ನೂ ಮುಗಿಸಿ, ಪುನಃಪುನಃ ಅವಕಾಶವಿತ್ತರೂ ಸವಾರಿಯ ಪರೀಕ್ಷೆಗೆ ಹಾಜರಾಗದೆ 1892ರಲ್ಲಿ ಅನರ್ಹರೆನಿಸಿಕೊಂಡರು. ಆ ಕೆಲಸದಲ್ಲಿ ಅವರ ಮನಸ್ಸೇ ಇರಲಿಲ್ಲ. ಎಲ್ಲವನ್ನೂ ದಾಟಿದವನು ಕೊನೆಗೆ ಒಂದು ಕರಾರುಪತ್ರಕ್ಕೆ ರುಜು ಹಾಕಬೇಕಾಗಿತ್ತು: ವ್ಯಾಪಾರ ಮಾಡುವುದಿಲ್ಲ, ಕಾಣಿಕೆ ಮುಟ್ಟುವುದಿಲ್ಲ ಎಂದು. 1920ರಲ್ಲಿ ನಾಲ್ಕನೆಯ ಸ್ಥಾನ ಪಡೆದಿದ್ದ ಸುಭಾಷಚಂದ್ರ ಬೋಸರು ನೇಮಕವನ್ನೇ ಒಲ್ಲದೆ ಮರುವರ್ಷ ರಾಜೀನಾಮೆಯಿತ್ತರು.

ಹುಟ್ಟಿನಿಂದ ಬ್ರಿಟಿಷ್ ಪ್ರಜೆಯಾಗಿರಬೇಕೆಂಬ ಷರತ್ತಿನ ಬಿಸಿ ಕನ್ನಡಿಗರಿಗೆ ವಿಶೇಷವಾಗಿ ತಟ್ಟಿತು. ಮದರಾಸು ಪ್ರಾಂತಕ್ಕೆ ಸೇರಿದ ಮಂಗಳೂರಿನ ಹುಡುಗ ಆ ಮಾತನ್ನು ನಿರಾಯಾಸವಾಗಿ ಸಾಬೀತುಪಡಿಸಬಲ್ಲ. ಬೆನಗಲ್ ನರಸಿಂಗರಾಯರು ಕೇಂಬ್ರಿಜ್‌ನಲ್ಲಿ ಓದಿ ಐ.ಸಿ.ಎಸ್. ಆಗಿ, ಮುಂದೆ ನಮ್ಮ ಸಂವಿಧಾನ ಸಭೆಯ ಸಲಹೆಗಾರರಾದರು. ಆದರೆ ಘಟ್ಟದ ಮೇಲೆ ಮೈಸೂರು ಸಂಸ್ಥಾನದಲ್ಲಿ ಹುಟ್ಟಿದವನು ಕಾನೂನಿನ ದೃಷ್ಟಿಯಲ್ಲಿ ಮಹಾರಾಜರ ಪ್ರಜೆ, ಬ್ರಿಟಿಷ್ ರಕ್ಷಣೆಯಲ್ಲಿರುವ ವ್ಯಕ್ತಿ ಮಾತ್ರ. ಸಂಸ್ಥಾನಗಳ ಪ್ರಜೆಗಳನ್ನು ವಿಶೇಷ ಘೋಷಣೆಯ ಮೂಲಕ ಅರ್ಹರೆಂದು ಸಾರಲು ಅನುವಾದದ್ದು 1916ರ ತಿದ್ದುಪಡಿಯಿಂದ ಈಚೆಗೆ. ಅಷ್ಟರಲ್ಲಿ ಮೈಸೂರು ತನ್ನದೇ ದಾರಿಯನ್ನು ಮಾಡಿಕೊಂಡಿತ್ತು: ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಮೈಸೂರು ಸಿವಿಲ್ ಸರ್ವಿಸಿನ ಸ್ಪರ್ಧಾಪರೀಕ್ಷೆಗೆ ಕುಳ್ಳಿರಲು ಸಮುದ್ರವನ್ನು ದಾಟಬೇಕಾಗಿರಲಿಲ್ಲ. 1914ರಲ್ಲಿ ಅಸಿಸ್ಟೆಂಟ್ ಕಮಿಷನರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಆ ಹಾದಿಯಲ್ಲಿಯೇ ಬಂದವರು. ಬ್ರಿಟಿಷ್ ಭಾರತದಲ್ಲಾದರೋ, ಉಭಯ ದೇಶಗಳಲ್ಲಿಯೂ ಏಕಕಾಲದಲ್ಲಿ ಪರೀಕ್ಷೆ ನಡೆಯಬೇಕೆಂದು ಕಾಮನ್ಸ್ ಸಭೆಯೇ 1893ರಲ್ಲಿ ನಿರ್ಣಯಿಸಿದ್ದರೂ, ಅಲಹಾಬಾದಿನಲ್ಲಿ ಮೊದಲ ಬಾರಿಗೆ ಐ.ಸಿ.ಎಸ್. ಪರೀಕ್ಷೆ ನಡೆದದ್ದು 1922ರಲ್ಲಿ.

ಆ ಸೇವೆಯ ಸ್ಥಾನದಲ್ಲಿ ಇಂದಿರುವ ಐ.ಎ.ಎಸ್. ಪರೀಕ್ಷೆಗೂ ಅರ್ಜಿ ಹಾಕುವವನು ಪೌರತ್ವ, ವಯಸ್ಸು, ದೇಹಾರೋಗ್ಯಗಳ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಪದವಿಯೂ ಈಗ ಕಡ್ಡಾಯ. ವಯಸ್ಸಿನ ವಿಷಯದಲ್ಲಿ ಲೋಕಸೇವಾ ಆಯೋಗವು ಮಾನ್ಯಮಾಡುವುದು ಮೆಟ್ರಿಕ್ಯುಲೇಷನ್ ಅಥವಾ ತತ್ಸಮಾನ ಪ್ರಮಾಣಪತ್ರದಲ್ಲಿ ನಮೂದಾದ ಜನ್ಮದಿನಾಂಕವನ್ನು ಮಾತ್ರ. ಜಾತಕವನ್ನಾಗಲಿ ಅಫಿಡವಿಟ್ಟನ್ನಾಗಲಿ ಅದು ಸ್ವೀಕರಿಸುವುದಿಲ್ಲ. ಮಕ್ಕಳನ್ನು ಶಾಲೆಗೆ ಸೇರಿಸುವಾಗ ತಂದೆತಾಯಿಗಳು ಹುಟ್ಟಿದ ತಾರೀಖನ್ನು ಅಂದಾಜಿನಿಂದ ಬರೆಯಿಸದಿರುವುದು ಲೇಸು.