ಕುದುರೆಯ ಬೆಲೆ ಕೇಳುವ ಮಕ್ಕಳು

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಕುದುರೆ ಕಟ್ಟಿದವರು ಇಬ್ಬರೋ ಮೂವರೋ ಇದ್ದಾರು. ಆದರೂ ಈ ವಿಷಯವನ್ನು ಎತ್ತಿಕೊಂಡಿದ್ದೇನೆ. ಏಕೆಂದರೆ ಆಡು, ಎಮ್ಮೆ, ಹಳೆಯ ಸೈಕಲ್ಲು, ಹೊಲಿಗೆಯ ಯಂತ್ರ, ಹೀಗೆ ಯಾವುದನ್ನಾದರೂ ಫೋನಿನ ಮುಖಾಂತರ ಮಾರಲು ಹೊರಟವರಿಗೆ ಇದೇ ಪ್ರಸಂಗ ಒದಗಬಹುದು. ಕುದುರೆಯ ವಿಷಯದಲ್ಲಿ ಅದು ಹೆಚ್ಚಾಗಿ ಒದಗುತ್ತದೆ, ಅಷ್ಟೇ. ಹೊಲಿಗೆಯ ಯಂತ್ರದ ಕನಸು ಕಾಣುವ ಹುಡುಗರು ಕಡಿಮೆ.

ನಡೆದ ಸಂಗತಿ ಇದು. ನನ್ನ ಪರಿಚಯದ ಕಾಕಾ ಒಬ್ಬರು ಮೂಲತಃ ಇಂಡಿ ತಾಲೂಕಿನವರು. ಬಹಳ ವರ್ಷಗಳಿಂದ ಇಂದಾಪುರದ ಕಡೆಯೇ ಇದ್ದು, ಮದುವೆಯ ಮೆರವಣಿಗೆಗೆ ಕುದುರೆ ಬಾಡಿಗೆ ಕೊಟ್ಟು ಹೊಟ್ಟೆ ಹೊರೆಯುವವರು. ಹೋದ ವರ್ಷ ದೀಪಾವಳಿ ಕಳೆದ ಮೇಲೆ ತಮ್ಮಲ್ಲಿದ್ದ ಎರಡು ಹೆಣ್ಣುಗುದುರೆಗಳಲ್ಲಿ ಒಂದನ್ನು ಮಾರಬೇಕೆಂದರು. ಅವರಿಗೆ ಮರಾಠಿ ಮಾತು ಬರುತ್ತದೆ, ಓದು ಬಾರದು. ಆದುದರಿಂದ ಫೋಟೋ ತೆಗೆದು, ಕೆಳಗೆ ನಾಲ್ಕು ಸಾಲು ಬರೆದು, ಕುದುರೆ ವ್ಯಾಪಾರದವರ ವಾಟ್ಸಾಪ್ ಗುಂಪುಗಳಲ್ಲಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಕೊಟ್ಟ ನಂಬರೂ ನನ್ನದೇ. ನಾನು ಸಕ್ಕರೆ ಕಾರಖಾನೆಯ ಕಾಟಾದ ಮೇಲಿನ ಕಾರಕೂನ. ಕಬ್ಬಿನ ಗಾಡಿ ತೂಗಿ ಪಾವತಿ ಬರೆಯುವವನು. ಗಾಡಿಗೂ ಗಾಡಿಗೂ ನಡುವೆ ಬಿಡುವಾದಾಗ ಉತ್ತರ ಕೊಡುತ್ತಿದ್ದೆ.

ಒಬ್ಬರು ಮೂರು ದಿನ ಬಿಡದೆ ವಿಚಾರಿಸಿದರು. ಕುದುರೆಯ ಹೆಸರೇನು, ರಾತ್ರಿ ಮಲಗುತ್ತದೆಯೋ ನಿಂತೇ ಇರುತ್ತದೆಯೋ, ಕರೆದರೆ ಬರುತ್ತದೆಯೋ ಎಂದೆಲ್ಲ ಕೇಳಿದರು. ನನಗೆ ಸಂಶಯ ಬರಬೇಕಾಗಿತ್ತು, ಬರಲಿಲ್ಲ. ಬೇರೆ ಗಿರಾಕಿ ಬಂದರೆ ಕುದುರೆ ಹೋದೀತು, ಬೇಕಾದರೆ ಐದು ಸಾವಿರ ಸಂಚಕಾರ ಕಳಿಸಿರಿ ಎಂದು ನಾನೇ ಬರೆದೆ. ಹತ್ತು ನಿಮಿಷದಲ್ಲಿ ಹಣ ಬಂತು. ಹಣದೊಡನೆ ಬಂದ ಹೆಸರು ಗಂಡಸಿನದು, ಮನೆಯ ಯಜಮಾನನಂಥದು. ಇನ್ನೇನು ನೋಡುವುದಿದೆ ಎಂದು ಸುಮ್ಮನಾದೆ.

ಮರುದಿನ ಸಂಜೆ ಅದೇ ನಂಬರಿನಿಂದ ಒಬ್ಬ ಹೆಣ್ಣುಮಗಳ ಫೋನು ಬಂತು. ಅವರದು ಬೀಡ ಜಿಲ್ಲೆಯ ಕಬ್ಬು ಕಡಿಯುವ ಟೋಳಿ. ಕುದುರೆ ಕೇಳಿದವನು ಏಳನೆಯ ಇಯತ್ತೆಯ ಹುಡುಗ. ಹಣ ಮುಕಾದಮನಿಂದ ಪಡೆದ ಉಚಲಿನದು. ಅಂದರೆ ಗಂಡಹೆಂಡಿರು ಇಡೀ ಹಂಗಾಮು ಕಬ್ಬು ಕಡಿದು ತೀರಿಸಬೇಕಾದ ಸಾಲದ ಹಣ. ಆ ವಾರದ ಸಂತೆಗೆ ಅದನ್ನೇ ಇಟ್ಟಿದ್ದರಂತೆ. ಆಕೆ ಬೈಯಲಿಲ್ಲ. "ದಾದಾ, ಕುದುರೆ ನಮಗೆ ಬೇಡ" ಎಂದಷ್ಟೇ ಎರಡು ಸಲ ಹೇಳಿದಳು.

ಕಾಕಾ ಅಷ್ಟರಲ್ಲಿ ಮೂರು ಸಾವಿರದ ಕಣಿಕಿ ತರಿಸಿಬಿಟ್ಟಿದ್ದರು. ಸಂಚಕಾರ ಎಂದರೆ ಸಂಚಕಾರವೇ, ಗಿರಾಕಿ ತಪ್ಪಿದರೆ ಮರಳಿ ಕೊಡುವ ರೂಢಿ ಬಾಜಾರದಲ್ಲಿ ಎಲ್ಲಿದೆ ಎಂದು ವಾದಿಸಿದರು. ಆ ಮಾತು ಸುಳ್ಳಲ್ಲ. ಆದರೆ ಗಿರಾಕಿಯೇ ಇರದಿದ್ದಾಗ ತಪ್ಪುವವರು ಯಾರು? ಕಾಕಾನ ಬಳಿ ಉಳಿದ ಎರಡು ಸಾವಿರಕ್ಕೆ ನನ್ನ ಮೂರು ಸಾವಿರ ಕೂಡಿಸಿ ಆ ರಾತ್ರಿಯೇ ಮರಳಿ ಕಳಿಸಿದೆ. ನಂಬರು ಕೊಟ್ಟವನೂ ನಾನು, ಸಂಚಕಾರ ಕೇಳಿದವನೂ ನಾನು.

ಆಮೇಲೆ ಹಿಂದಿನ ಸಂದೇಶಗಳನ್ನೆಲ್ಲ ಕೂತು ಓದಿದೆ. ಸುಮಾರು ನಲವತ್ತು ಜನ ಕೇಳಿದ್ದರಲ್ಲಿ ಏಳೆಂಟು ಮಂದಿಯಾದರೂ ಮಕ್ಕಳೇ ಇದ್ದಾರೆಂದು ತೋರಿತು. ಇದರಲ್ಲಿ ಆಶ್ಚರ್ಯವಿಲ್ಲ. ನಾವಿರುವ ಸೀಮೆಯೇ ಕುದುರೆಯ ಸೀಮೆ. ಭೀಮಥಡಿ ಎಂದರೆ ಭೀಮೆಯ ದಡ. ಮರಾಠರ ದಂಡಿನಲ್ಲಿ ಹೆಸರಾದ ಭೀಮಥಡಿ ತಟ್ಟುಗಳು ಈ ದಡದವು, ಈಗ ಅವು ದೇಶದ ನೋಂದಾಯಿತ ಕುದುರೆ ತಳಿಗಳಲ್ಲಿ ಒಂದಾಗಿವೆ. ನೆರೆಯ ಅಕಲೂಜದಲ್ಲಿ ದೀಪಾವಳಿಯ ಸುಮಾರಿಗೆ ದೊಡ್ಡ ಕುದುರೆ ಬಾಜಾರ ಕೂಡುತ್ತದೆ. ಆಷಾಢದಲ್ಲಿ ತುಕಾರಾಮ ಮಹಾರಾಜರ ಪಾಲಖಿ ನಮ್ಮ ತಾಲೂಕಿನೊಳಗಿಂದಲೇ ಪಂಢರಪುರಕ್ಕೆ ಹೋಗುತ್ತದೆ. ಬೇಲವಾಡಿಯಲ್ಲಿಯೂ ಇಂದಾಪುರದಲ್ಲಿಯೂ ರಿಂಗಣವಾಗುತ್ತದೆ. ಸಾವಿರಾರು ಜನರ ನಡುವಿನ ದುಂಡನೆಯ ಬಯಲಿನಲ್ಲಿ ಕುದುರೆ ಓಡುವುದನ್ನೂ, ಅದರ ಕಾಲಿನ ಧೂಳನ್ನು ಹಿರಿಯರು ಹಣೆಗೆ ಹಚ್ಚಿಕೊಳ್ಳುವುದನ್ನೂ ಕಂಡ ಹುಡುಗ ಮನೆಗೆ ಹೋಗಿ ಏನನ್ನು ಕೇಳಬೇಕು? ನಮ್ಮ ನಾಡಿಗೂ ಇದರ ನಂಟು ಉಂಟು. ಜ್ಞಾನೇಶ್ವರ ಮಹಾರಾಜರ ಪಾಲಖಿಗೆ ಪ್ರತಿವರ್ಷ ಕುದುರೆಗಳು ನಡೆದುಬರುವುದು ಚಿಕ್ಕೋಡಿ ತಾಲೂಕಿನ ಅಂಕಲಿಯ ಶಿತೋಳೆ ಮನೆತನದಿಂದ.

ಹಿಂದೆ ಬಾಜಾರದಲ್ಲಿ ಹುಡುಗ ಬಂದು ಬೆಲೆ ಕೇಳಿದರೆ ವ್ಯಾಪಾರಿ ಅವನ ಮುಖ ನೋಡುತ್ತಿದ್ದ, ನಗುತ್ತಿದ್ದ, "ಅಪ್ಪನ್ನ ಕರಕೊಂಡು ಬಾ" ಎನ್ನುತ್ತಿದ್ದ. ಅಲ್ಲಿಗೆ ಮುಗಿಯಿತು. ಫೋನಿನಲ್ಲಿ ಮುಖವಿಲ್ಲ. ಅಪ್ಪನ ಫೋನು, ಅಪ್ಪನ ಹೆಸರು, ಅಪ್ಪನ ಖಾತೆ. ಬೆರಳು ಮಾತ್ರ ಮಗನದು. ಇದೊಂದೇ ವ್ಯತ್ಯಾಸ.

ಹಾಗಾದರೆ ಗುರುತಿಸುವುದು ಹೇಗೆ? ಕೊಳ್ಳುವ ದೊಡ್ಡವನು ಮೊದಲು ಹಲ್ಲು ಕೇಳುತ್ತಾನೆ. ಸುಳಿ ಶುದ್ಧವೇ, ಎತ್ತರ ಎಷ್ಟು ಇಂಚು, ಗಬ್ಬವಿದೆಯೇ, ಕಾಲು ಗಟ್ಟಿ ಇದೆಯೇ ಎಂದು ಕೇಳುತ್ತಾನೆ. ಬೆಲೆ ಹೇಳಿದ ಕೂಡಲೇ ಅರ್ಧಕ್ಕೆ ಇಳಿಸುತ್ತಾನೆ. ಮಗು ಚೌಕಾಸಿ ಮಾಡುವುದಿಲ್ಲ. ಹೆಸರು, ಬಣ್ಣ, ಓಟ, ತನ್ನನ್ನು ಹತ್ತಿಸಿಕೊಂಡೀತೇ, ಇವೇ ಅದರ ಪ್ರಶ್ನೆಗಳು. ಸಂದೇಶಗಳು ಶಾಲೆ ಬಿಟ್ಟ ಹೊತ್ತಿಗೆ ಒಟ್ಟಾಗಿ ಬರುತ್ತವೆ. "ಮನೆಯಲ್ಲಿ ಹೇಳಬೇಡಿ" ಎಂಬ ಮಾತು ಬಂದರಂತೂ ಸಂಶಯವೇ ಬೇಡ.

ಆದರೂ ಈ ಗುರುತುಗಳನ್ನು ಪೂರ್ತಿ ನಂಬಬಾರದು. ಹುಡುಗನ ಪ್ರಸಂಗವಾದ ಮೇಲೆ ನಾನು ಅತಿ ಜಾಗರೂಕನಾದೆ. ಅಕ್ಷರ ತಪ್ಪುತಪ್ಪಾಗಿ ಬರೆದ ಒಬ್ಬರಿಗೆ "ನಿನ್ನ ವಯಸ್ಸೆಷ್ಟು, ಯಾವ ಶಾಲೆ?" ಎಂದು ಕೇಳಿಬಿಟ್ಟೆ. ಅವರು ಐವತ್ತು ದಾಟಿದ ಕುರುಬರು. ಕುರಿಯ ಸಂಗಡ ಊರೂರು ತಿರುಗುವಾಗ ಸಾಮಾನು ಹೊರಲು ಅವರಿಗೆ ಕುದುರೆ ನಿಜವಾಗಿಯೂ ಬೇಕಾಗಿತ್ತು. ಮೊಮ್ಮಗನಿಂದ ಅಕ್ಷರ ಕಲಿತು ಬರೆದದ್ದಂತೆ. ಮತ್ತೆ ಅವರು ಮಾತಾಡಲಿಲ್ಲ. ನಮ್ಮವರಲ್ಲಿಯೂ ಎಷ್ಟೋ ಜನ ಪರಭಾಷೆಯಲ್ಲಿ ತಡವರಿಸಿ ಬರೆಯುವವರೇ. ಅವರನ್ನು ಯಾರಾದರೂ ಎಳೆಯರೆಂದು ಬಗೆದರೆ ಹೇಗನಿಸೀತು?

ಆದಕಾರಣ ವಯಸ್ಸು ಕೇಳುವುದನ್ನೇ ಬಿಟ್ಟು, ಬಂದವರೆಲ್ಲರಿಗೂ ಮೊದಲಿಗೆ ಒಂದೇ ಉತ್ತರ ಕಳಿಸುವ ಪದ್ಧತಿ ಇಟ್ಟುಕೊಂಡೆ. ಅದರ ತಾತ್ಪರ್ಯ ಹೀಗಿದೆ: "ನಿಮ್ಮ ವಿಚಾರಣೆ ಬಂದಿತು, ಸಂತೋಷ. ಬೆಲೆ, ಹಣ, ನೋಡಲು ಬರುವ ದಿನ, ಇವನ್ನು ಹದಿನೆಂಟು ತುಂಬಿದವರ ಸಂಗಡ ಮಾತಿನಲ್ಲಿಯೇ ಮುಗಿಸುತ್ತೇವೆ. ದಯಮಾಡಿ ಫೋನ್ ಮಾಡಿರಿ. ಹದಿನೆಂಟು ತುಂಬಿಲ್ಲವಾದರೆ ತಂದೆತಾಯಿ ಇಲ್ಲವೆ ಮನೆಯ ಹಿರಿಯರಿಂದ ಮಾಡಿಸಿರಿ. ಅಲ್ಲಿಯವರೆಗೆ ಹಣ ಕಳಿಸಬೇಡಿರಿ, ಒಬ್ಬರೇ ಬರಬೇಡಿರಿ." ಎಲ್ಲರಿಗೂ ಹೋಗುವ ಉತ್ತರವಾದ್ದರಿಂದ ಯಾರಿಗೂ ಅವಮಾನವಿಲ್ಲ. ಮಗುವಿಗೆ ಗದರಿಕೆಯೂ ಇಲ್ಲ. ದೊಡ್ಡವನಾದವನು ಫೋನ್ ಮಾಡುತ್ತಾನೆ, ದನಿ ಕೇಳಿದರೆ ಅರ್ಧ ವಿಷಯ ತಿಳಿಯುತ್ತದೆ. ದನಿ ಎಳೆಯದಾಗಿದ್ದರೆ ನಯವಾಗಿ ಹಿರಿಯರಿಗೆ ಕೊಡು ಎನ್ನಬೇಕು. ಕೊಡದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಬೇಕು.

ಕಾನೂನು ಏನು ಹೇಳುತ್ತದೆಂಬುದನ್ನು ಕಾಕಾನಿಗೆ ತಿಳಿಸಬೇಕಾಗಿತ್ತು. ಆಗ ನಾನೂ ಓದಿಕೊಂಡೆ. 1875ರ ವಯಸ್ಕತನದ ಕಾಯಿದೆಯ ಪ್ರಕಾರ 18 ತುಂಬಿದವನೇ ವಯಸ್ಕ. 1872ರ ಕರಾರು ಕಾಯಿದೆಯ 11ನೆಯ ಕಲಮಿನಂತೆ ಅಲ್ಪವಯಸ್ಕನು ಕರಾರು ಮಾಡಲು ಅರ್ಹನಲ್ಲ. ಇದರ ಮೇಲಿನ ಹೆಸರಾದ ಖಟ್ಲೆ ಕಲಕತ್ತೆಯದು. 1895ರಲ್ಲಿ ಧರ್ಮದಾಸ ಘೋಷನೆಂಬ ಅಲ್ಪವಯಸ್ಕನು ಮನೆಗಳನ್ನು ಅಡವಿಟ್ಟು ಸಾವುಕಾರನಿಗೆ ಪತ್ರ ಬರೆದುಕೊಟ್ಟ. ಹುಡುಗನಿಗೆ ವಯಸ್ಸಾಗಿಲ್ಲವೆಂದು ತಾಯಿಯ ಕಡೆಯಿಂದ ಮೊದಲೇ ತಿಳಿವಳಿಕೆ ಹೋಗಿದ್ದರೂ ಸಾವುಕಾರನ ವಕೀಲ ವ್ಯವಹಾರ ಮುಂದುವರಿಸಿದ. ಖಟ್ಲೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ, 1903ರಲ್ಲಿ ಅಲ್ಪವಯಸ್ಕನ ಕರಾರು ಬುಡದಿಂದಲೇ ಇಲ್ಲದ್ದು ಎಂದು ತೀರ್ಪಾಯಿತು. ಸಾವುಕಾರನ ಕಡೆಯವರಿಗೆ ಕೊಟ್ಟ ಹಣವೂ ಮರಳಲಿಲ್ಲ. ಕಾಕಾನಿಗೆ ನಾನು ಹೇಳಿದ್ದು ಇಷ್ಟೇ: ಹುಡುಗನು ಅರ್ಧ ಹಣಕ್ಕೆ ಕುದುರೆ ಒಯ್ದು ಉಳಿದದ್ದನ್ನು ಕೊಡದಿದ್ದರೆ, ಆ ಮಾತಿನ ಮೇಲೆ ಕೋರ್ಟಿನಲ್ಲಿ ನಿಲ್ಲಲು ನಿಮಗೆ ನೆಲವಿಲ್ಲ. ಇದು ಅವರಿಗೆ ಕೂಡಲೇ ತಿಳಿಯಿತು. ಇಂಗ್ಲಂಡಿನಲ್ಲಂತೂ 2006ರ ಪ್ರಾಣಿಕಲ್ಯಾಣ ಕಾಯಿದೆಯಂತೆ 16 ತುಂಬದವರಿಗೆ ಪ್ರಾಣಿಯನ್ನು ಮಾರುವುದೇ ಅಪರಾಧ.

ಇನ್ನೊಂದು ಎಚ್ಚರಿಕೆ ಮಾಹಿತಿಯ ಬಗ್ಗೆ. ಅಮೆರಿಕದಲ್ಲಿ 1998ರಿಂದಲೇ ಕಾಯಿದೆಯಿದ್ದು, ಅಂತರಜಾಲದ ಸಂಸ್ಥೆಗಳು 13ರೊಳಗಿನ ಮಕ್ಕಳಿಂದ ಹೆಸರು ವಿಳಾಸ ಪಡೆಯಬೇಕಾದರೆ ತಂದೆತಾಯಿಯ ಒಪ್ಪಿಗೆ ಬೇಕು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣೆಯ ಕಾಯಿದೆ 18ರೊಳಗಿನವರನ್ನೆಲ್ಲ ಮಕ್ಕಳೆಂದೇ ಎಣಿಸಿ ಅಂಥದೇ ಒಪ್ಪಿಗೆ ಬೇಕೆನ್ನುತ್ತದೆ.  ನಮಗೆ ಬೇಕಾದದ್ದು ಅವುಗಳ ಹಿಂದಿನ ತಿಳಿವಳಿಕೆ: ಮಗುವಿನ ಶಾಲೆ, ಮನೆಯ ಗುರುತು, ಫೋಟೋ ಯಾವುದನ್ನೂ ಕೇಳಬಾರದು. ತಾನಾಗಿ ಕಳಿಸಿದರೆ ಮುಂದಕ್ಕೆ ಯಾರಿಗೂ ಕಳಿಸಬಾರದು. "ನಿಮ್ಮ ಕಡೆ ಒಬ್ಬ ಗಿರಾಕಿ ಇದ್ದಾನೆ" ಎಂದು ಆ ನಂಬರನ್ನು ದಲಾಲನಿಗೆ ದಾಟಿಸುವ ಚಾಳಿ ನಮ್ಮ ಗುಂಪುಗಳಲ್ಲಿದೆ; ಅದು ಬಹಳ ಕೆಟ್ಟದ್ದು. ಕುದುರೆಯ ಆಸೆ ತೋರಿಸಿ ಮಗುವನ್ನು ಒಂದೆಡೆಗೆ ಬರಮಾಡಿಕೊಳ್ಳುವುದು ದುಷ್ಟನಿಗೆ ಕಷ್ಟದ ಕೆಲಸವಲ್ಲ. ನಂಬರು ಯಾರ ಕೈಗೆ ಹೋಗುತ್ತದೆಂದು ನಮಗೇನು ಗೊತ್ತು? ಮನೆ ಬಿಟ್ಟು ಹೊರಟಿದ್ದೇನೆಂದೋ, ಯಾರೋ ಹೊಡೆದು ಕುದುರೆಯ ಕೆಲಸಕ್ಕೆ ಹಚ್ಚಿದ್ದಾರೆಂದೋ ಮಗು ಬರೆದರೆ 1098ಕ್ಕೆ ತಿಳಿಸಬೇಕು. ಮಕ್ಕಳ ಸಹಾಯಕ್ಕೆಂದೇ ಇರುವ ನಂಬರು ಅದು.

ಹಣ ಬಂದುಬಿಟ್ಟಿದ್ದರೆ ತಡಮಾಡದೆ ಹಿರಿಯರೊಡನೆ ಮಾತಾಡಿ, ಬಂದ ಖಾತೆಗೇ ಮರಳಿಸಬೇಕು. ಬೇರೊಂದು ನಂಬರಿಗೆ ಕಳಿಸಿರೆಂದರೆ ಒಪ್ಪಬಾರದು. ಮೊದಲು ಹಣ ನಿಜವಾಗಿ ಬಂದಿದೆಯೇ ಎಂದು ಬ್ಯಾಂಕಿನ ಲೆಕ್ಕದಲ್ಲಿಯೇ ನೋಡಬೇಕು. ಬಾರದ ಹಣವನ್ನು ಬಂದಂತೆ ತೋರಿಸಿ, ಮಗನು ತಪ್ಪಿ ಕಳಿಸಿದ್ದಾನೆ ಎಂದು ಅತ್ತು ವಸೂಲು ಮಾಡುವ ಠಕ್ಕರೂ ಇದ್ದಾರೆ. ಮೋಸವಾದರೆ 1930ಕ್ಕೆ ಕೂಡಲೇ ಫೋನ್ ಮಾಡಬೇಕು. ಸಂದೇಶಗಳನ್ನು ಅಳಿಸಬಾರದು.

ಮಕ್ಕಳಿಗೆ ಇಲ್ಲವೆಂದು ಹೇಳುವಾಗ ಕಾರಣವನ್ನೂ ಹೇಳಬಹುದು. ಅದಕ್ಕಾಗಿ ಮನೆಯವರನ್ನು ಕರೆದುಕೊಂಡು ಕುದುರೆ ನೋಡಲು ಬಾ ಎಂದು ಕಾಕಾ ಆ ಹುಡುಗನಿಗೆ ಹೇಳಿಸಿದ್ದರು. ಒಂದು ಆದಿತ್ಯವಾರ ತಂದೆ ಅವನನ್ನು ಕರೆತಂದ. ಹುಡುಗ ತಲೆ ಎತ್ತಲಿಲ್ಲ. ಕಾಕಾ ಅವನ ಕೈಯಲ್ಲಿ ಬುಟ್ಟಿ ಕೊಟ್ಟು ಮೇವು ಹಾಕಿಸಿದರು, ಲದ್ದಿ ತೆಗೆಸಿದರು, ಕೊಡ ಹೊರಿಸಿ ನೀರು ಕುಡಿಸಿದರು. ದಿನಕ್ಕೆ ಏಳೆಂಟು ಕಿಲೋ ಒಣಮೇವು, ಮೇಲೆ ಹೊಟ್ಟು, ಹುರುಳಿ; ಮೂವತ್ತು ಲೀಟರಿನಷ್ಟು ನೀರು; ಒಂದೂವರೆ ಎರಡು ತಿಂಗಳಿಗೊಮ್ಮೆ ಗೊರಸು ಕತ್ತರಿಸುವುದು; ಇದೆಲ್ಲ ಇಪ್ಪತ್ತೈದು ವರ್ಷ. "ಕೊಪ್ಪಿಯೊಳಗ ಇದನ್ನ ಎಲ್ಲಿ ಕಟ್ತೀ?" ಎಂದು ಕಾಕಾ ಕೇಳಿದರು. ಹುಡುಗನಿಗೆ ಕನ್ನಡ ಬಾರದು, ಆದರೂ ತಿಳಿದಂತಿತ್ತು. ಹೊರಡುವಾಗ ಅದರ ಹೆಸರನ್ನು ಇನ್ನೊಮ್ಮೆ ಕೇಳಿಕೊಂಡು ಹೋದ. ಕುದುರೆಯನ್ನು ಮಾಘದಲ್ಲಿ ಸೊಲ್ಲಾಪುರದ ಕಡೆಯ ಒಬ್ಬರು ಮುಖತಃ ಬಂದು, ಹಲ್ಲು ನೋಡಿ ಕೊಂಡೊಯ್ದರು.

ಮೇಲೆ ಹೇಳಿದ ಉತ್ತರದ ಮರಾಠಿ ಮತ್ತು ಹಿಂದಿ ಪ್ರತಿಗಳನ್ನು ವಾಚನಾಲಯದಲ್ಲಿ ಪತ್ರಿಕೆಗಳ ಮೇಜಿನ ಮೇಲೆ ಇರಿಸಿದ್ದೇನೆ. ಬೇಕಾದವರು ಫೋಟೋ ತೆಗೆದುಕೊಳ್ಳಬಹುದು. ಸ್ವತಃ ಬರೆಯಲು ಬಾರದವರಿಗೆ ಆದಿತ್ಯವಾರ ಸಂಜೆ ಆರರಿಂದ ಎಂಟರವರೆಗೆ ಬರೆದುಕೊಡಲು ನಾನು ಇರುತ್ತೇನೆ. ಕಾರಖಾನೆಯಲ್ಲಿ ರಾತ್ರಿ ಪಾಳಿ ಬಂದ ವಾರ ಮಾತ್ರ ಇರುವುದಿಲ್ಲ.