ನಾದಕ್ಕೆಷ್ಟು, ಪೆಟ್ಟಿಗೆಗೆಷ್ಟು?

ಸಂಗೀತಕ್ಕೆ ಬೆಲೆ ಕಟ್ಟಲಾಗದೆಂಬ ಮಾತು ಹಳೆಯದು. ಆದರೆ ಸಂಗೀತವನ್ನು ಕೇಳಿಸುವ ಪೆಟ್ಟಿಗೆಗೆ ಅಂಗಡಿಯವರು ಬೆಲೆ ಕಟ್ಟಿಯೇ ಇದ್ದಾರೆ. ಇಂದು ಕೆಲವು ಸಾವಿರ ರೂಪಾಯಿಗಳಿಗೆ ಒಂದು ಜೊತೆ ಸ್ಪೀಕರು ದೊರೆಯುತ್ತದೆ. ಹಲವು ಲಕ್ಷಗಳಿಗೂ ಒಂದು ಜೊತೆ ದೊರೆಯುತ್ತದೆ. ಎರಡರಿಂದಲೂ ಕೇಳಿಬರುವುದು ಅದೇ ತೋಡಿ, ಅದೇ ಕಲ್ಯಾಣಿ. ಹಾಗಾದರೆ ನಡುವಿನ ಅಂತರ ಯಾವುದರ ಬೆಲೆ? ಸಿರಿವಂತರಿಗೆ ಇದೊಂದು ಪ್ರಶ್ನೆಯೇ ಅಲ್ಲದಿರಬಹುದು. ಸಂಬಳದಲ್ಲಿ ಅಷ್ಟಿಷ್ಟು ಉಳಿಸಿ ಮನೆಗೆ ಸಂಗೀತವನ್ನು ತರಬೇಕೆನ್ನುವ ಉಪಾಧ್ಯಾಯರಿಗೆ ಇದು ನಿಜವಾದ ಪ್ರಶ್ನೆ. ಅದರ ಬೆನ್ನಿಗೆ ಒಂದು ಅಳುಕೂ ಉಂಟು: ದುಬಾರಿ ಪೆಟ್ಟಿಗೆಯ ಮುಂದೆ ಕುಳಿತಾಗ ಹೆಚ್ಚಿನದೇನೂ ಕೇಳಿಸದಿದ್ದರೆ ಕೊರತೆ ತಮ್ಮ ಕಿವಿಯದೋ, ರಸಿಕತೆಯದೋ ಎಂದು.

ಮೊದಲು ಈ ಪೆಟ್ಟಿಗೆ ಮಾಡುವ ಕೆಲಸವನ್ನು ನೋಡೋಣ. ಅಯಸ್ಕಾಂತದ ನಡುವೆ ಒಂದು ತಂತಿಯ ಸುರುಳಿ. ಅದಕ್ಕೆ ಅಂಟಿದಂತೆ ಶಂಕುವಿನಾಕಾರದ ಹಗುರವಾದ ಹಾಳೆ. ವಿದ್ಯುತ್ತು ಏರಿಳಿದಂತೆ ಸುರುಳಿ ಅಲುಗುತ್ತದೆ, ಹಾಳೆ ಗಾಳಿಯನ್ನು ತಳ್ಳುತ್ತದೆ, ಗಾಳಿ ನಮ್ಮ ಕಿವಿಯನ್ನು ಮುಟ್ಟುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬಿಬ್ಬರು 1925ರಲ್ಲಿ ವಿವರಿಸಿದ ಈ ಕ್ರಮವೇ ಇಂದಿಗೂ ಬಹುಪಾಲು ಸ್ಪೀಕರುಗಳ ಮೂಲ.

ಕ್ರಮ ಸರಳ, ನಿರ್ವಹಣೆ ಕಠಿಣ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20 ಕಂಪನಗಳಿಂದ 20,000 ಕಂಪನಗಳವರೆಗಿನ ನಾದವನ್ನು ಗ್ರಹಿಸಬಲ್ಲದು. ಮೃದಂಗದ ಎಡಮುಖದ ಗಂಭೀರ ನಾದಕ್ಕೆ ಬಹಳ ಗಾಳಿಯನ್ನು ತಳ್ಳುವ ಅಗಲವಾದ ಹಾಳೆ ಬೇಕು. ತಂಬೂರಿಯ ತಂತಿಯಿಂದ ಏಳುವ ಸೂಕ್ಷ್ಮ ಅನುಸ್ವರಗಳಿಗೆ ಚಿಕ್ಕದೂ ಹಗುರವೂ ಆದ ಹಾಳೆ ಬೇಕು. ಆದ್ದರಿಂದ ಒಂದೇ ಪೆಟ್ಟಿಗೆಯಲ್ಲಿ ಎರಡು ಮೂರು ಹಾಳೆಗಳನ್ನಿಟ್ಟು ಕೆಲಸವನ್ನು ಹಂಚುತ್ತಾರೆ. ಹಂಚಿಕೆಯ ಗಡಿ ಕೇಳುವವನಿಗೆ ತಿಳಿಯಬಾರದು. ಪೆಟ್ಟಿಗೆಯ ಮರ ತಾನೂ ದನಿಗೂಡಿಸಬಾರದು. ಇವೆಲ್ಲಕ್ಕೂ ಹಣ ತಗಲುತ್ತದೆ, ಮತ್ತು ಅದು ನ್ಯಾಯವಾದ ಹಣ. ತೀರ ಅಗ್ಗದ ಪೆಟ್ಟಿಗೆಯಲ್ಲಿ ಮೃದಂಗ ತಗಡಿನ ಡಬ್ಬಿಯಾಗುತ್ತದೆ, ತಂಬೂರಿ ಇದ್ದೂ ಇಲ್ಲದಂತಾಗುತ್ತದೆ. ಅಲ್ಲಿಂದ ಒಂದೆರಡು ಮೆಟ್ಟಿಲು ಮೇಲೇರುವುದು ವ್ಯರ್ಥವಲ್ಲ.

ಆದರೆ ಬೆಲೆಯೂ ಗುಣವೂ ಕೊನೆಯವರೆಗೆ ಕೈಹಿಡಿದು ನಡೆಯುವುದಿಲ್ಲ. ಮಂದ್ರದ ನಾದ ಬೇಕಾದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕೆಂದು ಒಂದು ಕಾಲಕ್ಕೆ ಜನ ನಂಬಿದ್ದರು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಂಬಾತ, ಚಿಕ್ಕ ಪೆಟ್ಟಿಗೆಯೊಳಗೆ ಮುಚ್ಚಿಟ್ಟ ಗಾಳಿಯನ್ನೇ ಹಾಳೆಯ ಹಿಂದಿನ ಸ್ಪ್ರಿಂಗಿನಂತೆ ದುಡಿಸಿಕೊಂಡು, ಪುಸ್ತಕದ ಕಪಾಟಿನಲ್ಲಿ ಹಿಡಿಸುವ ಸ್ಪೀಕರಿನಿಂದ ಮಂದ್ರವನ್ನು ಹೊರಡಿಸಿದ. ಆತನ ಸಂಸ್ಥೆ 1958ರಲ್ಲಿ ಹೊರತಂದ ಎ.ಆರ್.-3 ಎಂಬ ಸ್ಪೀಕರನ್ನು ವೇದಿಕೆಯ ಮೇಲೆ ವಾದಕರ ಜೊತೆಗಿಟ್ಟು ಪರೀಕ್ಷಿಸಿದರು. ಫೈನ್ ಆರ್ಟ್ಸ್ ಕ್ವಾರ್ಟೆಟ್‌ನ ನಾಲ್ವರು ಪಿಟೀಲು ಮೊದಲಾದವನ್ನು ನುಡಿಸುತ್ತ ನಡುವೆ ನಿಲ್ಲಿಸುವರು. ಕಮಾನು ಆಡುತ್ತಲೇ ಇರುವುದು, ನಾದ ಮಾತ್ರ ಪೆಟ್ಟಿಗೆಯಿಂದ ಬರುವುದು. ಬದಲಾದ ಕ್ಷಣ ಯಾವುದೆಂದು ಸಭಿಕರಲ್ಲಿ ಅನೇಕರಿಗೆ ತಿಳಿಯಲಿಲ್ಲ. ಹೆಚ್ಚು ಮರ, ಹೆಚ್ಚು ಭಾರ ಮಾಡಲಾರದುದನ್ನು ಒಂದು ಒಳ್ಳೆಯ ಆಲೋಚನೆ ಮಾಡಿತ್ತು.

ಇನ್ನು ನಮ್ಮ ಅಳುಕಿನ ಮಾತು. 1980ರ ದಶಕದಲ್ಲಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಲಿಯಲ್ಲಿದ್ದ ಫ್ಲಾಯ್ಡ್ ಟೂಲ್ ಅವರು ಸ್ಪೀಕರುಗಳನ್ನು ತೆರೆಯ ಹಿಂದಿಟ್ಟು, ಎಲ್ಲದರ ದನಿಯನ್ನೂ ಒಂದೇ ಮಟ್ಟಕ್ಕೆ ತಂದು, ಹಲವರಿಗೆ ಕೇಳಿಸಿದರು. ಹೆಸರು ತಿಳಿಯದಿದ್ದಾಗ ಕೇಳುಗರ ತೀರ್ಪುಗಳು ಬಹುಮಟ್ಟಿಗೆ ಒಂದೇ ಕಡೆ ಬಂದು ಸೇರಿದವು: ಮಂದ್ರ, ಮಧ್ಯ, ತಾರಗಳಲ್ಲಿ ಯಾವುದನ್ನೂ ಉಬ್ಬಿಸದೆ, ತಗ್ಗಿಸದೆ, ಎದುರಿಗೂ ಪಕ್ಕಕ್ಕೂ ಸಮನಾಗಿ ನುಡಿಯುವ ಸ್ಪೀಕರೇ ಹೆಚ್ಚಿನವರಿಗೆ ಮೆಚ್ಚಿಕೆಯಾಯಿತು. ಮುಂದೆ ಹಾರ್ಮನ್ ಸಂಸ್ಥೆಯಲ್ಲಿ ಅವರೂ ಶಾನ್ ಆಲಿವ್ ಅವರೂ ಕೂಡಿ ಮಾಡಿದ ಇನ್ನೊಂದು ಪರೀಕ್ಷೆಯ ವರದಿ 1994ರಲ್ಲಿ ಬಂತು. ಕೇಳಿದವರು ಆ ಸಂಸ್ಥೆಯ ನೌಕರರೇ. ಒಮ್ಮೆ ತೆರೆಯಿಟ್ಟು, ಒಮ್ಮೆ ತೆರೆ ಸರಿಸಿ ಕೇಳಿಸಿದರು. ಕಣ್ಣಿಗೆ ಕಂಡಾಗ ದೊಡ್ಡ ಪೆಟ್ಟಿಗೆಗಳ ಅಂಕ ಏರಿತು, ಚಿಕ್ಕದೂ ಅಗ್ಗದ್ದೂ ಆದುದರ ಅಂಕ ಇಳಿಯಿತು. ಕಣ್ಣು ಕಿವಿಗೆ ಸಾಕ್ಷಿ ಹೇಳಿಕೊಟ್ಟಿತ್ತು! ಸಾಮಾನ್ಯ ಕೇಳುಗನಿಗೆ ಇದು ಧೈರ್ಯ ತರುವ ಸಂಗತಿ. ನಮ್ಮ ಕಿವಿಯನ್ನು ಅದರ ಪಾಡಿಗೆ ಬಿಟ್ಟರೆ ಅದು ಸಾಕಷ್ಟು ಸತ್ಯವನ್ನೇ ಹೇಳುತ್ತದೆ.

ಬೆಲೆಯ ಚೀಟಿಯಲ್ಲಿ ಕಾಣದ ಎರಡು ಸಂಗತಿಗಳು ಇನ್ನೂ ಇವೆ. ಒಂದು, ಕೋಣೆ. ಐದು ಮೀಟರು ಉದ್ದದ ಕೋಣೆಯಲ್ಲಿ ಸುಮಾರು 34 ಕಂಪನಗಳ ನಾದ ಗೋಡೆಯಿಂದ ಗೋಡೆಗೆ ಬಡಿದು ತಾನೇ ಬಲಿಯುತ್ತದೆ. ಸ್ಪೀಕರನ್ನು ಮೂಲೆಗೆ ಒತ್ತರಿಸಿದರೆ ಮಂದ್ರವೆಲ್ಲ ಮೊರೆತವಾಗುತ್ತದೆ. ಬರಿಯ ಸಿಮೆಂಟು ಗೋಡೆ, ನುಣುಪಾದ ಕಲ್ಲಿನ ನೆಲ ತಾರಸ್ವರಗಳನ್ನು ಹಿಂದಕ್ಕೆ ಎಸೆಯುತ್ತವೆ. ಒಂದು ಜಮಖಾನ, ದಪ್ಪನೆಯ ಪರದೆ, ಪುಸ್ತಕ ತುಂಬಿದ ಕಪಾಟು, ಗೋಡೆಯಿಂದ ಎರಡಡಿ ಈಚೆಗೆ ಸರಿಸಿದ ಪೆಟ್ಟಿಗೆ: ಇಷ್ಟರಿಂದ ಆಗುವ ಲಾಭ ಎಷ್ಟೋ ಸಲ ಹಣ ತೆತ್ತು ಪಡೆದ ಲಾಭಕ್ಕಿಂತ ಹೆಚ್ಚು.

ಎರಡನೆಯದು, ಮೂಲದ ಮುದ್ರಣ. ಕೊನೆಗಾಲದಲ್ಲಿ ಮೈಸೂರಿಗೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಗೌಹರ್ ಜಾನ್ ಅವರ ಹಾಡು ಮೊದಲು ಮುದ್ರಿತವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ, ತಗಡಿನ ಕೊಂಬಿನ ಮುಂದೆ. ಆ ಕೊಂಬು ಹಿಡಿಯದೆ ಬಿಟ್ಟ ಮಂದ್ರವನ್ನಾಗಲಿ ತಾರವನ್ನಾಗಲಿ ಇಂದಿನ ಯಾವ ಸ್ಪೀಕರೂ ಮರಳಿ ತರಲಾರದು. ಕೊಡದಲ್ಲಿಲ್ಲದ ನೀರನ್ನು ಚಿನ್ನದ ಲೋಟ ತಂದುಕೊಡುವುದೇ? ಆದರೂ ಆ ಕಂಠದ ಮಿಂಚು ನಮ್ಮನ್ನು ಮುಟ್ಟುತ್ತದೆ. ಅದಕ್ಕೆ ಲಕ್ಷಗಳು ಬೇಕಿಲ್ಲ.

ಹಾಗಾದರೆ ತೀರ್ಪೇನು? ಒಂದು ಮಟ್ಟದವರೆಗೆ ಕೊಟ್ಟ ಹಣ ನಾದಕ್ಕೆ ಸಲ್ಲುತ್ತದೆ. ಅನಂತರ ಹಣ ನೆಗೆಯುತ್ತದೆ, ನಾದ ತೆವಳುತ್ತದೆ. ಅದರಿಂದಾಚೆಗೆ ಕೊಳ್ಳುವುದು ವಿಶಾಲವಾದ ಹಜಾರವನ್ನು ತುಂಬುವ ಬಲವನ್ನು, ನಯವಾದ ಮರಗೆಲಸವನ್ನು, ನಾಲ್ಕು ಜನರ ಮೆಚ್ಚುಗೆಯನ್ನು. ಉಳ್ಳವರು ಕೊಂಡರೆ ತಪ್ಪಿಲ್ಲ. ಅದನ್ನು ಸಂಗೀತವೆಂದು ಕರೆಯದಿದ್ದರೆ ಸಾಕು. ವಿನೋದವೆಂದರೆ, ವಯಸ್ಸಾದಂತೆ ಕಿವಿಯ ತಾರಶಕ್ತಿ ಕುಗ್ಗುತ್ತದೆ. ಕೊಳ್ಳುವ ಶಕ್ತಿ ಬರುವ ಹೊತ್ತಿಗೆ ಕೇಳುವ ಶಕ್ತಿ ಹೊರಟಿರುತ್ತದೆ.

ಕೊಳ್ಳಹೊರಟವರು ತಮಗೆ ಬಾಯಿಪಾಠವಾಗಿರುವ ಒಂದು ಹಾಡನ್ನೇ ಅಂಗಡಿಯಲ್ಲಿ ಕೇಳಲಿ. ಎರಡು ಪೆಟ್ಟಿಗೆಗಳ ದನಿಯೂ ಸಮನಾಗಿರಲಿ. ತುಸು ಜೋರಾದದ್ದೇ ಇಂಪೆಂದು ತೋರುವುದು ಕಿವಿಯ ಸ್ವಭಾವ. ಸ್ನೇಹಿತರೊಬ್ಬರು ಹೇಳದೆ ಬದಲಿಸುತ್ತಿರಲಿ, ತಾವು ಕಣ್ಣು ಮುಚ್ಚಿರಲಿ. ಹತ್ತು ಸಲ ಬದಲಿಸಿದರೂ ಇದು ಯಾವುದೆಂದು ಹೇಳಲಾಗದಿದ್ದರೆ ಕಡಿಮೆ ಬೆಲೆಯದನ್ನು ನಿಶ್ಚಿಂತೆಯಾಗಿ ಮನೆಗೆ ತರಬಹುದು. ಉಳಿದ ಹಣದಲ್ಲಿ ವರ್ಷಕ್ಕೆ ನಾಲ್ಕಾರು ಕಚೇರಿಗಳಿಗೆ ಹೋಗಲಿ. ವೀಣೆಯ ಮೀಟನ್ನು ಹತ್ತಿರದಿಂದ ಕೇಳಲಿ. ನಿಜವಾದ ನಾದವನ್ನು ಕೇಳಿ ಬಲ್ಲ ಕಿವಿಯೊಂದಿದ್ದರೆ ಯಾವ ಪೆಟ್ಟಿಗೆ ಅದಕ್ಕೆ ಎಷ್ಟು ಹತ್ತಿರವೆಂಬುದನ್ನು ಅಂಗಡಿಯವನನ್ನು ಕೇಳಬೇಕಾಗಿಲ್ಲ.